ಹನ್ನೊಂದು ಷರತ್ತು, ಮೂರು ದಿನದ ಖೋ ಖೋ

ನನ್ನ ಕೈಯಿಂದ ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಅಣ್ಣ. ಎರಡನೆಯವರು ಆರೋಗ್ಯ ಇಲಾಖೆಯ ಸಾಹೇಬರು. ಮೂರನೆಯವರು ರಾಯಬಾಗ ಕಡೆಯ ಒಂದು ಹಳ್ಳಿಯ ಶಾಲೆಯ ಹೆಡ್‌ಮಾಸ್ತರರು. ಅಣ್ಣ ಸಿಟ್ಟಿನಿಂದ ಹೇಳಿದ, ಸಾಹೇಬರು ನಗುತ್ತ ಹೇಳಿದರು, ಹೆಡ್‌ಮಾಸ್ತರರು ಮಾತ್ರ ಬರವಣಿಗೆಯಲ್ಲಿ ಕೊಟ್ಟರು. ಆಗುವುದಿಲ್ಲ ಎಂದು ಯಾರಾದರೂ ಅಂದ ಕೂಡಲೇ ಆ ಕೆಲಸಕ್ಕೆ ಸೆರಗು ಕಟ್ಟಿ ನಿಲ್ಲುವ ಚಟ ನನಗೆ ಮೊದಲಿನಿಂದಲೂ ಇದೆ. ಹೀಗಾಗಿ ನಗೆಗೀಡಾಗುವ ಪ್ರಸಂಗಗಳೂ ನನ್ನನ್ನು ಹುಡುಕಿಕೊಂಡೇ ಬರುತ್ತವೆ.

ನಾನು ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುತ್ತಿದ್ದವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಕಂಡಕ್ಟರ್ ಕೂಗುತ್ತಿದ್ದ, ನಾನು ಬೋರ್ಡು ನೋಡುತ್ತಿದ್ದೆ. ಅಥಣಿ ಬಸ್ಸಿನಿಂದ 'ಅ' ಸಿಕ್ಕಿತು, ಕಾಗವಾಡದಿಂದ 'ಕ' ಸಿಕ್ಕಿತು, ಹಾರೂಗೇರಿ ಬಸ್ಸು ಬಂದ ದಿನ ಮೂರು ದೀರ್ಘ ಒಮ್ಮೆಲೇ ಸಿಕ್ಕವು. ಬೋರ್ಡುಗಳು ಮುಗಿದ ಮೇಲೆ ಶೇಂಗಾ ಕಟ್ಟುವ ಹಳೆಯ ಪೇಪರು ಓದಲು ಹತ್ತಿದೆ. ಗಿರಾಕಿ ಅವಸರ ಮಾಡಿದರೆ, "ತಡೀರಿ, ಈ ಸುದ್ದಿ ಮುಗೀಲಿ, ಆಮ್ಯಾಲ ಕಟ್ಟತೀನಿ" ಎನ್ನುತ್ತಿದ್ದೆ.

ನನ್ನ ಪಕ್ಕದಲ್ಲಿ ಒಬ್ಬಳು ಹೂ ಮಾರುತ್ತಿದ್ದಳು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಲಾರಿ ಹೊಡೆಯುತ್ತಿದ್ದ ಅವಳ ಗಂಡ ತೀರಿಕೊಂಡಿದ್ದ. ಅವಳ ರಕ್ತ ಪರೀಕ್ಷೆ ಮಾಡಿದರು. ಎಚ್‌ಐವಿ ಎಂಬ ಮಾತು ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಓಣಿಗೆ ಬಂದಿತ್ತು. ಅವಳಿಗೆ ಒಂಬತ್ತು ವರ್ಷದ ಮಗಳು. ಒಂದು ದಿನ ಆ ಹುಡುಗಿ ನನ್ನ ಬುಟ್ಟಿಯ ಹತ್ತಿರ ಕೂತು, "ಮಾವಶಿ, ನಾ ಒಂದ ವರ್ಷದಿಂದ ಔಟ್ ಆಗಿಲ್ಲ" ಎಂದಳು.

"ಭಾರಿ ಅದೀಯಲ್ಲಬೇ! ಅಷ್ಟ ಜೋರ ಓಡ್ತೀಯೇನು?"

"ಓಡೂದs ಇಲ್ಲ. ನಿಂತ್ರೂ ಯಾರೂ ಮುಟ್ಟೂದಿಲ್ಲ."

ಅಂದು ನಾನು ಶೇಂಗಾ ಮಾರಲಿಲ್ಲ. ಚಿಕ್ಕೋಡಿಯ ಒಬ್ಬ ಡಾಕ್ಟರ್‌ಬಾಯಿಯ ಹತ್ತಿರ ಹೋದೆ. ಅವರು ಒಂದು ಕರಪತ್ರ ಕೊಟ್ಟರು. ಮುಟ್ಟಿದರೆ ಬರುವುದಿಲ್ಲ, ಕೂಡಿ ಉಂಡರೆ ಬರುವುದಿಲ್ಲ, ಕೂಡಿ ಆಡಿದರೆ ಬರುವುದಿಲ್ಲ ಎಂದು ಅದರಲ್ಲಿತ್ತು. ನನಗೆ ಓದು ಸುಲಭಕ್ಕೆ ಬಂದದ್ದಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದನ್ನು ಅರ್ಧಕ್ಕೆ ಬಿಡುವುದಿಲ್ಲ. ಛಾಪಖಾನೆಯ ವಿಳಾಸದವರೆಗೂ ಓದಿದೆ. ಆಮೇಲೆ ಡಾಕ್ಟರ್‌ಬಾಯಿಯೂ ನಾನೂ ಕೂಡಿ ಬೇಸಿಗೆ ರಜೆಯಲ್ಲಿ ಮೂರು ದಿನದ ಮಕ್ಕಳ ಶಿಬಿರ ಮಾಡುವುದೆಂದು ಗೊತ್ತುಮಾಡಿದೆವು. ನಿಪ್ಪಾಣಿಯಿಂದ ಕಾಗವಾಡದವರೆಗೆ ಇಂಥ ಮನೆಗಳ ಮಕ್ಕಳು ಅರ್ಧ, ಬೇರೆ ಮನೆಗಳ ಮಕ್ಕಳು ಅರ್ಧ. ಬೇರೆ ಮನೆಯವರಿಗೆ ಮೊದಲೇ ಹೇಳಿದೆ: "ಇಂಥಾ ಮನಿ ಹುಡುಗ್ರೂ ಇರತಾರ. ಯಾರಂತ ಹೇಳೂದಿಲ್ಲ. ನನ್ನ ಮಗಾ ಅವರ ಜೋಡೀನs ಉಣತಾನ. ಮನಸಿದ್ರ ಕಳಸ್ರಿ." ಚಹಾದಂಗಡಿಯವನು ಇಬ್ಬರನ್ನು ಕಳಿಸಿದ. ತತ್ತಿ ಮಾರುವ ಮುಸಲ್ಮಾನರ ಮನೆಯಿಂದ ಮೂವರು ಬಂದರು. ಓದು ಬರಹ ಕಲಿತವರ ಮನೆಯಿಂದ ಯಾರೂ ಬರಲಿಲ್ಲ.

ಯಾರು ಯಾವ ಮನೆಯವರೆಂದು ಇಂದಿಗೂ ನಾನು ಹೇಳುವುದಿಲ್ಲ. ಹೂವಿನವಳ ಮಗಳ ವಿಷಯ ಬರೆಯುತ್ತಿರುವುದು, "ಬರಿ ಮಾವಶಿ, ಹೆಸರ ಮಾತ್ರ ಹಾಕಬ್ಯಾಡ" ಎಂದು ಅವಳೇ ಹೇಳಿದ್ದರಿಂದ. ಅವಳನ್ನು ಯಾರಾದರೂ ಮುಟ್ಟಿ ಔಟ್ ಮಾಡಬೇಕು, ಶಿಬಿರದ ಉದ್ದೇಶ ಅಷ್ಟೇ. ಅರ್ಜಿಯಲ್ಲಿ ಮಾತ್ರ 'ಮಕ್ಕಳ ಸರ್ವಾಂಗೀಣ ವಿಕಾಸ' ಎಂದು ಬರೆದೆವು.

೧. ಹನ್ನೊಂದನೆಯ ಷರತ್ತು

ಡಾಕ್ಟರ್‌ಬಾಯಿ ಕಾಗದ ಬರೆದುಕೊಟ್ಟಿದ್ದರಿಂದ ಹೆಡ್‌ಮಾಸ್ತರರಿಗೆ ಶಿಬಿರಕ್ಕೆ ಶಾಲೆ ಕೊಡುವುದಿಲ್ಲ ಎನ್ನಲು ಧೈರ್ಯವಿರಲಿಲ್ಲ. ಕೊಡುತ್ತೇನೆ ಎನ್ನಲು ಮನಸ್ಸಿರಲಿಲ್ಲ. ಅಂಥವರು ಏನು ಮಾಡುತ್ತಾರೋ ಅದನ್ನೇ ಮಾಡಿದರು, ಷರತ್ತು ಹಾಕಿದರು. 'ಸದರಿ ಮಹಿಳೆಯಿಂದ ಇಂಥ ಕಾರ್ಯ ನಿಭಾಯಿಸಲು ಸಾಧ್ಯವಾಗಲಾರದು ಎಂಬುದು ನನ್ನ ಅಭಿಪ್ರಾಯವಾದರೂ' ಎಂದು ಶುರುಮಾಡಿ ಹನ್ನೊಂದು ಷರತ್ತು ಬರೆದಿದ್ದರು. ಬೆಂಚುಗಳನ್ನು ಕೋಣೆಯಲ್ಲಿಟ್ಟು ಕೀಲಿ ಹಾಕಬೇಕು. ದಿನಕ್ಕೆ ಎರಡು ಸಲ ಫಿನೈಲು ಹಾಕಿ ನೆಲ ತೊಳೆಯಬೇಕು. ಕರಿಹಲಗೆ ಮುಟ್ಟಬಾರದು. ಹೀಗೇ ಸಾಗಿ, ಹನ್ನೊಂದನೆಯದು: ಶಾಲೆಯ ಗಂಟೆ ಬಾರಿಸಬಾರದು.

"ಸರ್, ಉಳದದ್ದು ಇರಲಿ. ಗಂಟಿ ಯಾಕ್ರಿ? ಅದು ಕಬ್ಬಿಣ."

"ಹುಡುಗ್ರು ಮುಟ್ಟತಾವಲ್ಲವಾ."

"ಮುಟ್ಟಿದ್ರ ಬರೂದಿಲ್ಲಂತ ಈ ಕಾಗದದಾಗ ಛಾಪಿಸ್ಯಾರ್ರಿ. ಓದಲೇನು?"

"ನಾನೂ ಓದೀನಿ. ಮನಶಾರಿಗೆ ಬರೂದಿಲ್ಲಂತ ಬರದಾರ. ಕಬ್ಬಿಣಕ್ಕ ಬರೂದಿಲ್ಲಂತ ಬರದಾರೇನು?"

ಕರಪತ್ರವನ್ನು ತಿರುವಿ ಎರಡೂ ಮಗ್ಗಲು ನೋಡಿದೆ. ಛಾಪಖಾನೆಯ ವಿಳಾಸವನ್ನೂ ಬಿಡದೆ ನೋಡಿದೆ. ಕಬ್ಬಿಣದ ವಿಷಯ ಎಲ್ಲಿಯೂ ಇರಲಿಲ್ಲ. ಸಹಿ ಮಾಡಿ ಕೀಲಿ ಇಸಿದುಕೊಂಡೆ. ಹೆಡ್‌ಮಾಸ್ತರರು ಆ ಮೂರು ದಿನ ರಾಯಬಾಗದ ಬೀಗರ ಮನೆಯಲ್ಲಿ ಇರುವುದಾಗಿ ಹೇಳಿ ಹೊರಟುಹೋದರು. ಕೊನೆಯ ದಿನದ ಸಮಾರಂಭಕ್ಕೆ ಮಾತ್ರ ಬರುತ್ತಾರಂತೆ. ಮಕ್ಕಳ ಕೈಗೆ ಸಿಗಬಾರದೆಂದು ಗಂಟೆಗೆ ಹಾಕಿದ್ದ ಕಾವಲನ್ನು ತಮಗೂ ಹಾಕಿಕೊಂಡರು.

೨. ಮುಖ ಮುಚ್ಚಿದ ಆಚಾರಿ

ಮದುವೆ ಅಡುಗೆ ಮಾಡುವವರನ್ನು ನಮ್ಮ ಕಡೆ ಆಚಾರಿ ಎನ್ನುತ್ತೇವೆ. ಅಥಣಿ ಕಡೆಯ ಒಬ್ಬ ಆಚಾರಿ ಬರಲು ಒಪ್ಪಿದ. ಅವನಿಗೆ ರೋಗದ ಹೆದರಿಕೆ ಇರಲಿಲ್ಲ, ಗಿರಾಕಿಗಳ ಹೆದರಿಕೆ ಇತ್ತು. "ಮುಂದ ಮದಿವಿ ದಿನಾ ಅದಾವ್ರಿ ಬಾಯಾರ. ನಾ ಇಲ್ಲಿ ಅಡಗಿ ಮಾಡೀನಂತ ಸುದ್ದಿ ಆದ್ರ ನನ್ನ ಕೈಯಾಗಿನ ಬುಂದಿ ಯಾರ ತಿಂತಾರ?" ಎಂದ. ಅದಕ್ಕೇ ಮುಖಕ್ಕೆ ಟವೆಲ್ ಸುತ್ತಿಕೊಂಡು, ಎರಡು ಕಣ್ಣಷ್ಟೇ ಬಿಟ್ಟುಕೊಂಡು, ಹಿತ್ತಲಲ್ಲಿ ಒಲೆ ಹೂಡಿದ.

ರೋಗಿಗಳನ್ನು ನೋಡಬೇಕೆಂದು ಹಳ್ಳಿಯ ಜನ ಕಂಪೌಂಡಿನ ಮೇಲೆ ಕೊರಳು ಚಾಚಿಕೊಂಡು ನಿಂತಿದ್ದರು. ಅಂಗಳದಲ್ಲಿ ಮಕ್ಕಳು ಕುಣಿಯುತ್ತಿವೆ, ಕಿರುಚುತ್ತಿವೆ, ಒಂದರ ಅಂಗಿ ಒಂದು ಎಳೆಯುತ್ತಿವೆ. ರೋಗಿಯ ಲಕ್ಷಣ ಒಂದರಲ್ಲಿಯೂ ಇಲ್ಲ. ಆದರೆ ಹಿತ್ತಲಲ್ಲಿ ಒಬ್ಬ ಮನುಷ್ಯ ಮುಖ ಮುಚ್ಚಿಕೊಂಡು ಒಬ್ಬನೇ ಬಾಗಿ ನಿಂತಿದ್ದಾನೆ. ಊರು ತೀರ್ಮಾನಕ್ಕೆ ಬಂತು: "ಖರೇ ಪೇಶಂಟ್ ಅವನs ನೋಡ್ರಿ. ಮುಖಾ ಸುದ್ಧಾ ತೋರಸವಲ್ಲ."

ಬಿಸಿಲು ಏರಿದಾಗ ಒಬ್ಬ ಮುದುಕಿ ತಂಬಿಗೆಯಲ್ಲಿ ಕಷಾಯ ಹಿಡಿದುಕೊಂಡು ಸೀದಾ ಒಳಗೆ ಬಂದಳು. ಆಚಾರಿಯ ಬೆನ್ನ ಮೇಲೆ ಕೈಯಾಡಿಸಿ, "ಕುಡಿ ತಮ್ಮಾ, ಹಡದವ್ವ ಕೊಟ್ಟಾಳಂತ ತಿಳಿ. ಇಂಥಾ ಸ್ಥಿತಿಯಾಗ ನಿನ್ನ ಒಲಿ ಮುಂದ ನಿಂದ್ರಿಸ್ಯಾಳಲ್ಲ ಈ ಶೇಂಗಾದಾಕಿ!" ಎಂದಳು. ಬಾಯಿ ಬಿಟ್ಟರೆ ಗುರುತು ಸಿಗುತ್ತದೆಂದು ಆಚಾರಿ ಉಸಿರೆತ್ತದೆ ಟವೆಲಿನ ಒಳಗೇ ಕಷಾಯ ಕುಡಿದ. ಶಿಬಿರದ ಇಬ್ಬರು ಹುಡುಗರು ಬಂದು ಅವನ ಕೈಯ ಸೌಟು ಕಿತ್ತುಕೊಂಡು, ಬೇವಿನ ಗಿಡದ ನೆರಳಿಗೆ ಗೋಣಿಚೀಲ ಹಾಸಿ ಮಲಗಿಸಿದರು. ಅಡುಗೆಯನ್ನು ಮುದುಕಿಯೇ ಕೈಗೆ ತೆಗೆದುಕೊಂಡಳು.

ಒಂದು ತಾಸು ಆಚಾರಿ ಮಲಗಿದ್ದ. ಮುದುಕಿ ಸಿಹಿ ಶಿರಾದ ಪಾತೇಲಿಗೆ ಅರಿಷಿಣದ ಡಬ್ಬಿ ಬಗ್ಗಿಸಿದ್ದು ಕಂಡಿತು. ಅಷ್ಟೇ, ಟವೆಲ್ ಕಿತ್ತೊಗೆದು ಎದ್ದು ಕೂತ. "ಏ ಆಯಿ! ಶಿರಾಕ್ಕ ಅರಿಷಿಣಾ ಹಾಕ್ತಾರೇನು? ನಾ ಅಥಣಿ ಆಚಾರಿ ಅದೇನಿ! ನನ್ನ ಹೆಸರ ಹಾಳ ಮಾಡ್ತಿಯೇನಬೇ!"

ಕಂಪೌಂಡಿನ ಮೇಲಿನ ಜನವೆಲ್ಲ ಅವನ ಮುಖ ನೋಡಿತು. ಇನ್ನು ಕೆಟ್ಟೆವು ಎಂದುಕೊಂಡೆ. ಮುದುಕಿ ಮಾತ್ರ ಸೌಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಊರಿನ ಕಡೆ ತಿರುಗಿದಳು:

"ನೋಡಿದ್ರಿಲ್ಲೋ? ನಂದೊಂದ ತಂಬಗಿ ಕಷಾಯಕ್ಕ ಹೆಂಗ ಎದ್ದ ಕುಂತ!"

೩. ಸಾಹೇಬರ ಉಪನ್ಯಾಸ

ಎರಡನೆಯ ದಿನ ಆರೋಗ್ಯ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದರು. ಶಿಬಿರವೆಂದರೆ ಉಪನ್ಯಾಸ ಆಗಲೇಬೇಕಂತೆ. ಇಲ್ಲದಿದ್ದರೆ ಅದು ಬರೀ ಆಟವಾಗುತ್ತದಂತೆ. "ಬರೀ ಆಟಾನ್ರಿ ಸಾಹೇಬ್ರ" ಎಂದೆ. "ಆಟಕ್ಕ ನಮ್ಮ ಇಲಾಖೆಯಾಗ ಕಾಲಮ್ ಇಲ್ಲ" ಎಂದರು.

ಸಾಹೇಬರಿಗೆ ಬರುತ್ತಿದ್ದ ಉಪನ್ಯಾಸ ಒಂದೇ. ಅದು ಲಾರಿ ಡ್ರೈವರರಿಗೆ ಮಾಡುವಂಥದ್ದು. ಎದುರಿಗೆ ಕೂತವರಲ್ಲಿ ದೊಡ್ಡವರಿಗೆ ಹನ್ನೆರಡು ವರ್ಷ, ಸಣ್ಣವನೊಬ್ಬ ಬೆರಳು ಚೀಪುತ್ತಿದ್ದ. ಉಪನ್ಯಾಸ ಬದಲಿಸಲು ಸಾಹೇಬರಿಗೆ ಬರಲಿಲ್ಲ. ಹೇಳಬಾರದ ಶಬ್ದಗಳನ್ನು ಮಾತ್ರ ಬಿಡುತ್ತ ಹೋದರು. "ಡ್ರೈವರ್ ಬಂಧುಗಳೇ... ಅಂದರ, ಮಕ್ಕಳೇ... ಗಾಡಿ ನಿಲ್ಲಿಸಿದಾಗ ಕೆಲವರು ಅಲ್ಲಿಗೆ ಹೋಗತಾರ. ಅಲ್ಲಿ ಹೋಗಿ... ಅದು... ಆಗಬಾರದು. ಆದರೂ ಅದನ್ನ ಹಾಕ್ಕೊಂಡು... ಇರಲಿ. ಒಟ್ಟಿನಲ್ಲಿ ಕ್ಷಣದ ಸುಖಕ್ಕೆ..." ಎಂದು ಒದ್ದಾಡಿದರು. ಮುಕ್ಕಾಲು ತಾಸಿನಲ್ಲಿ ಕರವಸ್ತ್ರ ಪೂರ್ತಿ ತೊಯ್ದಿತ್ತು. ಮಕ್ಕಳು ಕಣ್ಣು ಪಿಳುಕಿಸದೆ ಕೇಳುತ್ತಿದ್ದವು, ಏಕೆಂದರೆ ಮುಗಿದ ಮೇಲೆ ಭಡಂಗ ಚುರುಮುರಿ ಕೊಡುತ್ತೇನೆಂದು ನಾನು ಹೇಳಿದ್ದೆ.

ಕೊನೆಗೆ ಸಾಹೇಬರು ಉಲ್ಲಾಸದಿಂದ, "ಹಂಗಾದ್ರ ರೋಗ ಬರಬಾರದಂದ್ರ ನಾವು ಏನ ಮಾಡಬಾರದು? ಯಾರು ಹೇಳ್ತೀರಿ?" ಎಂದರು.

ಬೆರಳು ಚೀಪುತ್ತಿದ್ದವನು ಬೆರಳು ತೆಗೆದು ಎದ್ದುನಿಂತ. "ಲಾರಿ ಹೊಡೀಬಾರದ್ರಿ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸಾಹೇಬರ ಜೀಪಿನ ಡ್ರೈವರ್.

೪. ಬೋಳ್ಯಾ

ಇಷ್ಟೆಲ್ಲ ಆದರೂ ನಮ್ಮ ಮುಖ್ಯ ಕೆಲಸ ಆಗಿರಲಿಲ್ಲ. ಹೂವಿನವಳ ಮಗಳು ಆಟಕ್ಕೆ ಇಳಿಯಲೇ ಇಲ್ಲ. ಖೋ ಖೋ ನಡೆದರೆ ಗೆರೆಯ ಹೊರಗೆ ಕೂತು ಅಂಕ ಎಣಿಸುತ್ತಿದ್ದಳು. "ಹೋಗಬೇ, ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ" ಎಂದೆ. "ಗೊತ್ತಾದ ಮ್ಯಾಲ ಬಿಟ್ಟ ಹೋಗ್ತಾರಲ್ಲ ಮಾವಶಿ. ಅದಕಿಂತ ಮೊದಲs ಕುಂದ್ರೂದು ಚೊಲೋ" ಎಂದಳು.

ಮೊದಲ ದಿನವೇ ಊರಿನ ಹುಡುಗನೊಬ್ಬ ಕಂಪೌಂಡು ಹಾರಿ ಬಂದು ಆಟದಲ್ಲಿ ಸೇರಿಕೊಂಡಿದ್ದ. ಚಿಂಚಲಿಯ ದೇವಿಗೆ ಮುಡಿ ಕೊಟ್ಟು ಬಂದು ವಾರವಾಗಿತ್ತು; ತಲೆ ನುಣ್ಣಗೆ ಬೋಳು, ಮೈ ಬರೀ ಎಲುಬು. ಎಲ್ಲರೂ ಬೋಳ್ಯಾ ಎಂದೇ ಕರೆದರು. ಸಂಜೆ ಅವನ ತಾಯಿ ಹಿತ್ತಲ ಬಾಗಿಲಿಗೆ ಬಂದಳು. ಅವಳು ಹೆಡ್‌ಮಾಸ್ತರರ ಹೆಂಡತಿ.

"ಇವ ಮನ್ಯಾಗ ಎರಡ ತುತ್ತ ಉಣ್ಣೂದಿಲ್ರಿ. ಇಲ್ಲಿ ಎರಡ ಸಲ ಶಿರಾ ಹಾಕಿಸ್ಕೊಂಡಾನಂತ! ಆಡ್ಲಿ ಬಿಡ್ರಿ. ನೀವು ಕೊಟ್ಟ ಕಾಗದಾ ನಾ ಓದೀನಿ. ಅವರು ಅದನ್ನ ಚಹಾದ ಕಪ್ಪಿನ ಕೆಳಗ ಇಟ್ಟಿದ್ರು. ಅವರಿಗೆ ಮಾತ್ರ ಹೇಳಬ್ಯಾಡ್ರಿ."

ಗುಟ್ಟು ಕಾಯುವುದೇ ನನ್ನ ಉದ್ಯೋಗವಾಗಿದ್ದ ಮೂರು ದಿನ ಅವು. ಅದರಲ್ಲಿ ಇದೊಂದು ಹೆಚ್ಚಾಯಿತು.

ಎರಡನೆಯ ದಿನ ಸಂಜೆ ಅದೇ ಬೋಳ್ಯಾ ಹೂವಿನವಳ ಮಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. "ಏ, ಎಣಿಸೂದು ಸಾಕು. ನಾಳೆ ಫೈನಲ್. ನಮ್ಮ ಎದುರಿನ ತಂಡಕ್ಕ ಒಬ್ಬರು ಕಮ್ಮಿ ಬೀಳತಾರ. ನೀ ಬರತೀಯೋ, ನಿನ್ನ ಕೈಲೆ ಆಗೂದಿಲ್ಲೋ?"

ಅವಳಿಗೆ ಸಿಟ್ಟು ಬಂತು. "ಯಾಕ ಆಗೂದಿಲ್ಲ?" ಎಂದಳು.

ನಾನು ಎರಡು ದಿನ ಪುಸಲಾಯಿಸಿದ್ದು ದಂಡ. ಹುಡುಗಿ ನನ್ನ ಜಾತಿಯವಳೇ, ಆಗುವುದಿಲ್ಲ ಎಂದರೆ ಸಾಕಿತ್ತು.

೫. ಅಧ್ಯಕ್ಷರ ಸತ್ಕಾರ

ಮೂರನೆಯ ದಿನ ಮಧ್ಯಾಹ್ನ ಫೈನಲ್ಲಿಗಿಂತ ಮೊದಲು ಸಮಾರಂಭ. ರಾಯಬಾಗದ ಒಂದು ಸೊಸೈಟಿಯ ಅಧ್ಯಕ್ಷರು ಒಂದು ಬುಟ್ಟಿ ಬಾಳೆಹಣ್ಣು, ಒಬ್ಬ ಫೋಟೋದವನ ಸಮೇತ ಬಂದರು. ನಮ್ಮ ಕಡೆ ಅತಿಥಿ ಬಂದರೆ ತಲೆಗೆ ಫೇಟಾ ಸುತ್ತಿ, ಶಾಲು ಹೊದಿಸಿ ಸತ್ಕಾರ ಮಾಡುವುದು ಪದ್ಧತಿ. ಫೇಟಾ ಸುತ್ತಿಸಿಕೊಂಡ ಮೇಲೆ ಅಧ್ಯಕ್ಷರು ನನ್ನ ಕಿವಿಯಲ್ಲಿ, "ಬಾಯಾರ, ಖರೇ ಪೇಶಂಟ್ ಹುಡುಗ್ರು ಯಾವು? ಚೊಲೋ ಹುಡುಗ್ರ ಜೋಡಿ ಫೋಟೋ ತಗಿಸಿದ್ರ ಪೇಪರಿನವ್ರು ಹಾಕೂದಿಲ್ಲ" ಎಂದರು.

"ಹೇಳೂದಿಲ್ರಿ. ಮಕ್ಕಳ ಫೋಟೋನೂ ಬ್ಯಾಡ್ರಿ. ನಿಮ್ಮದೊಂದs ತಗಸ್ಕೋರಿ, ಫೇಟಾ ಚಂದ ಕಾಣತೈತಿ."

"ಹೇಳದಿದ್ರೇನು? ನೋಡಿದ ಕೂಡಲೇ ತಿಳೀತೈತಿ ನನಗ" ಎಂದು ಅಧ್ಯಕ್ಷರು ಸಾಲಿನ ಮೇಲೆ ಕಣ್ಣಾಡಿಸಿದರು. ಬೋಳು ತಲೆ, ಎದ್ದ ಎಲುಬು. "ಏ ಕೂಸ, ಬಾ ಇಲ್ಲಿ. ಅಲ್ಲೇ, ಅಲ್ಲೇ ನಿಂದ್ರು" ಎಂದು ಎರಡು ಮಾರು ದೂರದಲ್ಲಿ ನಿಲ್ಲಿಸಿಕೊಂಡರು. ಫೋಟೋದವನ ಮುಂದೆ ನಾನು ಸೆರಗು ಹರಡಿ ನಿಂತೆ. ವೇದಿಕೆಯ ಮೇಲೆ, ಬೀಗರ ಮನೆಯಿಂದ ಆಗತಾನೇ ಬಂದು ಕೂತಿದ್ದ ಹೆಡ್‌ಮಾಸ್ತರರ ಕೈಯಿಂದ ಆಭಾರ ಮನ್ನಣೆಯ ಚೀಟಿ ಕೆಳಗೆ ಬಿತ್ತು.

ಅಧ್ಯಕ್ಷರು ಭಾಷಣಕ್ಕೆ ಏರಿದ್ದರು. "ನೋಡ್ರಿ ಈ ನಿಷ್ಪಾಪಿ ಮುಖಾ! ಇವಂದೇನ ತಪ್ಪು? ತಪ್ಪೆಲ್ಲ ಇವನ ತಂದೀದು! ಎಂಥಾ ಮನಶಾ ಇದ್ದಿರಬೇಕಂವಾ! ಹೆಂಡ್ರ ಮಕ್ಕಳ ಖಬರಿಲ್ಲ, ಊರೂರು ತಿರಗ್ಯಾನ, ಯಾವ್ಯಾವ ಧಾಬಾದಾಗ ಏನೇನ ಮಾಡ್ಯಾನೋ! ಇಂಥಾವ್ರನ್ನ ಊರಾಗ ಇಟಗೋಬಾರದು! ಏನಂತೀರಿ ಮಾಸ್ತರ?"

"ಹೌ... ಹೌದ್ರಿ" ಎಂದರು ಹೆಡ್‌ಮಾಸ್ತರರು.

ಬೋಳ್ಯಾ ಗಾಬರಿಯಿಂದ ಹಿಂದಕ್ಕೆ ತಿರುಗಿದ. "ಅಪ್ಪಾ! ನೀ ಯಾಕ ಹೌದಂತಿ? ಅವರು ಬೈಯಾಕತ್ತಿದ್ದು ನಿನಗs!"

ಅಧ್ಯಕ್ಷರು ಹೆಡ್‌ಮಾಸ್ತರರನ್ನು ಮೇಲಿನಿಂದ ಕೆಳಗೆ ನೋಡಿದರು. ಅವರ ಪಕ್ಕದಲ್ಲಿದ್ದ ತಮ್ಮ ಕುರ್ಚಿಯನ್ನು ದೂರಕ್ಕೆ ಎಳೆದುಕೊಂಡರು. ಕುರ್ಚಿ ಕರ್ರೆಂದ ಸಪ್ಪಳ ನಾನೂ ಕೇಳಿದೆ, ಹೆಡ್‌ಮಾಸ್ತರರೂ ಕೇಳಿದರು. ಮರುಗಳಿಗೆಯಲ್ಲಿ ಅಧ್ಯಕ್ಷರಿಗೆ ಇನ್ನೊಂದು ಕಾರ್ಯಕ್ರಮ ನೆನಪಾಗಿ, ಚಹಾ ಕೂಡ ಕುಡಿಯದೆ ಫೇಟಾ ಸಮೇತ ಹೋಗಿಬಿಟ್ಟರು.

ಹೆಡ್‌ಮಾಸ್ತರರು ಇಳಿದು ಬಂದು ಮಗನ ರಟ್ಟೆ ಹಿಡಿದರು. ಈಗ ಎಳೆದುಕೊಂಡು ಹೋದರೆ ಇಡೀ ಊರು ಹಿಂದೆಯೇ ಬರುತ್ತದೆ, ಶಿಬಿರ ಇಲ್ಲಿಗೇ ಮುಗಿಯುತ್ತದೆ. ಲಂಗದ ಚುಂಗು ಸಿಕ್ಕಿಸಿಕೊಂಡು ತಯಾರಾಗಿದ್ದ ಹೂವಿನವಳ ಮಗಳು ಆಗಲೇ ಒಂದೊಂದೇ ಹೆಜ್ಜೆ ಹಿಂದೆ ಸರಿದು ಗೆರೆಯ ಹೊರಗೆ ನಿಂತಿದ್ದಳು.

"ಯಾವಾಗಿಂದ ಬರಾಕತ್ತೀಯೋ?"

"ಮೊದಲನೇ ದಿನದಿಂದ. ಅವ್ವಗ ಗೊತ್ತೈತಿ. ಕೈ ಬಿಡಪಾ, ಆಟಾ ಸುರು ಆಗವಲ್ತು!"

ಹೆಡ್‌ಮಾಸ್ತರರು ದೂರ ಸರಿದಿದ್ದ ಆ ಕುರ್ಚಿಯನ್ನೊಮ್ಮೆ ನೋಡಿದರು. ಕಂಪೌಂಡಿನ ಮೇಲಿನ ತಲೆಗಳನ್ನೂ ನೋಡಿದರು. ಆಮೇಲೆ ರಟ್ಟೆ ಬಿಟ್ಟು, ಎಲ್ಲರಿಗೂ ಕೇಳುವಂತೆ, "ಹೋಗು. ಸೋತ ಬಂದ್ರ ಮನ್ಯಾಗ ಕರಕೊಳ್ಳೂದಿಲ್ಲ" ಎಂದರು. ಅಂಪೈರ್ ಯಾರೂ ಇರಲಿಲ್ಲ. ತಾವೇ ಗೆರೆಯ ಮೇಲೆ ಹೋಗಿ ನಿಂತರು.

ಆಟ ಶುರುವಾಯಿತು. ಹುಡುಗಿ ಒಳಗೆ ಬಂದಳು. ಏನು ಓಟ ಅಂತೀರಿ! ಕಂಬ ಸುತ್ತಿ, ಕೂತವರ ನಡುವೆ ನುಸುಳಿ, ಮೂವರನ್ನು ದಣಿಸಿದಳು. ನಾಲ್ಕನೆಯ ಖೋ ಬೋಳ್ಯಾನಿಗೆ ಬಿತ್ತು. ಹಾರಿ ಬಂದವನೇ ಅವಳ ಬೆನ್ನಿಗೆ ಛಟ್ಟನೆ ಒಂದು ಕೊಟ್ಟ. "ಔಟ್!" ಎಂದು ಅಂಗಳವೇ ಕೂಗಿತು. ನಾನು ಕಣ್ಣಿಗೆ ಒತ್ತಿಕೊಳ್ಳಲು ಸೆರಗು ಎತ್ತಿದೆ.

ಹುಡುಗಿ ಗರ್ರನೆ ತಿರುಗಿದಳು. "ಎಲ್ಲಿ ಮುಟ್ಟೀಯೋ ಬೋಳ್ಯಾ? ಮುಟ್ಟಿಲ್ಲ!"

"ಮುಟ್ಟೀನಿ!"

"ಸುಳ್ಳಾ! ಅವ್ವನ ಆಣಿ ಮಾಡಿ ಹೇಳ್ತೀನ್ರಿ ಸರ್, ನನ್ನ ಯಾರೂ ಮುಟ್ಟೇ ಇಲ್ಲ!"

"ಏ, ನಾ ಕಣ್ಣಾರೆ ಕಂಡೀನಿ!" ಎಂದು ಹೆಡ್‌ಮಾಸ್ತರರು ಗಂಟಲು ಹರಿಯುವಂತೆ ಕೂಗಿದರು. "ಸ್ಪಷ್ಟ ಮುಟ್ಟ್ಯಾನ! ಪೂರಾ ಅಂಗೈ ಮುಟ್ಟ್ಯಾನ! ನಡಿ ಹೊರಗ!"

ಅವಳು ಮಣ್ಣು ತೂರಿದಳು, ಬೋಳ್ಯಾನ ಅಂಗಿ ಹರಿದಳು, ಅಂಪೈರ್ ತನ್ನ ಮಗನ ಪಕ್ಷ ಎಂದು ಊರಿಗೆಲ್ಲ ಕೇಳುವಂತೆ ಸಾರಿದಳು. ಸಂಜೆ ಊಟಕ್ಕೂ ಬರಲಿಲ್ಲ. ಸಮಾಧಾನ ಮಾಡಲು ಹೋದ ನನಗೆ, "ಇಂಥಾ ಅನ್ಯಾಯ ನಾ ಎಲ್ಲೂ ನೋಡಿಲ್ಲ ಮಾವಶಿ. ಮುಂದಿನ ವರ್ಷ ಮತ್ತ ಶಿಬಿರ ಮಾಡು, ಅವಗ ತೋರಸ್ತೀನಿ" ಎಂದಳು.

ಮಾಡಿದೆ. ಆಮೇಲೆಯೂ ಮಾಡಿದೆ. ಈಗ ಚಿಕ್ಕೋಡಿಯಿಂದ ರಾಯಬಾಗಕ್ಕೆ ಹೋಗುವ ರಸ್ತೆಗೆ ಹತ್ತಿ ನನ್ನ ಹೆಸರಿನಲ್ಲಿ ಆರು ಗುಂಟೆ ಜಾಗವಿದೆ. ತಗಡಿನ ಎರಡು ಕೋಣೆ, ಒಂದು ಬೋರ್‌ವೆಲ್, ನೂರು ಸ್ಟೀಲ್ ತಾಟು, ಹದ ಮಾಡಿದ ಖೋ ಖೋ ಅಂಗಳ, ಒಂದು ಕಪಾಟು ತುಂಬ ಪುಸ್ತಕ. ಪುಸ್ತಕಗಳನ್ನೆಲ್ಲ ಓದಿದ್ದೇನೆ. ಇದಕ್ಕೆ ಹೋದದ್ದು ನನ್ನ ಕೊರಳಿನ ಬಂಗಾರದ ಬೋರಮಾಳ, ಬಸ್ ಸ್ಟ್ಯಾಂಡಿನಲ್ಲಿ ನಾನು ಕೂಡುತ್ತಿದ್ದ ಜಾಗ, ಅಣ್ಣನ ಮನೆಯ ಬಾಗಿಲು. ಅವನ ಮೂವರು ಹೆಣ್ಣುಮಕ್ಕಳ ಮದುವೆ ಆಯಿತು, ಒಂದಕ್ಕೂ ಕರೆಯಲಿಲ್ಲ. ಆ ಮೊದಲ ವರ್ಷ ಆಡಿದ ಮಕ್ಕಳಲ್ಲಿ ಐವರ ಮಣ್ಣಿಗೆ ಹೋಗಿ ಬಂದಿದ್ದೇನೆ.